ಮಂಗಳೂರಿನ ಕ್ಯಾನ್ಸರ್ ಡೇ-ಕೇರ್ ವಿಭಾಗವೊಂದರ ಔಷಧ ಸಲಹೆ: ಎರಡು ತಿಂಗಳ ಅನುಭವ

ಉಡುಪಿ ಕಡೆಯ ನಮ್ಮ ಮನೆಯಿಂದ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಮಂಗಳೂರಿನ ಆಸ್ಪತ್ರೆಯೊಂದರ ಡೇ-ಕೇರ್ ವಿಭಾಗಕ್ಕೆ ಎರಡು ತಿಂಗಳಿಂದ ಹೋಗಿಬರುತ್ತಿದ್ದೇವೆ. ಅಣ್ಣನ ಮಗನಿಗೆ ತೊಡೆಮೂಳೆಯಲ್ಲಿ, ಮಂಡಿಯ ಹತ್ತಿರ, ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್. ಮೆಥೋಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್‌ಗಳ ಕೀಮೋ ಮತ್ತು ಶಸ್ತ್ರಚಿಕಿತ್ಸೆ ಮುಗಿದ ಮೇಲೂ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಂಡದ್ದರಿಂದ ರೆಗೊರಾಫೆನಿಬ್ ಎಂಬ ಮಾತ್ರೆ ಆರಂಭಿಸಿದರು.

ಮಾತ್ರೆ ಕೈಗೆ ಕೊಡುವ ಮೊದಲು ಅಲ್ಲಿನ ಔಷಧ ಸಲಹೆಗಾರರು ನಮ್ಮನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ವಿವರಿಸಿದರು. ಈ ವಿಭಾಗದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅದೇ. ಕೆಟ್ಟುಹೋದ ಕೋಶ ತಾನಾಗಿ ಸಾಯುವ ಅಪೊಪ್ಟೋಸಿಸ್ ಎಂಬ ವ್ಯವಸ್ಥೆ ದೇಹದಲ್ಲಿದೆ, ಅದನ್ನು ಚಾಲೂ ಮಾಡುವ ಪಿ53 ಜೀನ್ ಈ ಕ್ಯಾನ್ಸರಿನಲ್ಲಿ ಬಹಳ ಮಂದಿಗೆ ಹಾಳಾಗಿರುತ್ತದೆ, ಮಾತ್ರೆ ಆ ಜೀನನ್ನು ಸರಿಪಡಿಸದಿದ್ದರೂ ಗಡ್ಡೆಗೆ ರಕ್ತನಾಳ ಬೆಳೆಸುವ ಮತ್ತು ಕೋಶವನ್ನು ಬದುಕಿಸಿಡುವ ಕೈನೇಸ್ ಎಂಬ ಪ್ರೋಟೀನುಗಳ ಸಂಕೇತಗಳನ್ನು ತಡೆಯುತ್ತದೆ ಎಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. 2019ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಈ ಮಾತ್ರೆ ಪಡೆದ 26 ಮಂದಿಯಲ್ಲಿ 17 ಮಂದಿಗೆ ಎಂಟು ವಾರದವರೆಗೆ ರೋಗ ಮುಂದುವರಿಯಲಿಲ್ಲ, ಔಷಧವಿಲ್ಲದ ಹುಸಿಮಾತ್ರೆ ಪಡೆದ 12 ಮಂದಿಗೂ ಅಷ್ಟರೊಳಗೆ ರೋಗ ಮುಂದುವರಿಯಿತು ಎಂದರು. “ಇದು ರೋಗವನ್ನು ನಿಧಾನ ಮಾಡುತ್ತದೆ ಅಮ್ಮ, ಗುಣ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ” ಎಂದು ಅತ್ತಿಗೆಗೆ ನೇರವಾಗಿ ಹೇಳಿದರು. ಅತ್ತಿಗೆ ಅತ್ತರು, ಆದರೆ ಅನಂತರ ಅವರಿಗೆ ಆ ಮಾತಿನ ಮೇಲೆ ನಂಬಿಕೆ ಬಂತು.

ದಿನಕ್ಕೊಮ್ಮೆ 40 ಮಿಲಿಗ್ರಾಮಿನ ನಾಲ್ಕು ಮಾತ್ರೆ, 21 ದಿನ ತೆಗೆದುಕೊಂಡು ಏಳು ದಿನ ಬಿಡಬೇಕು. ಕೊಬ್ಬು ಕಡಿಮೆಯಿರುವ ಊಟದ ನಂತರ ಎಂದಾಗ ನಾವು ಗೊಂದಲಕ್ಕೆ ಬಿದ್ದೆವು. ಅವರು ಕುಚ್ಚಲಕ್ಕಿ ಗಂಜಿ ಮತ್ತು ಎಣ್ಣೆಯಿಲ್ಲದ ಪಲ್ಯ ಸಾಕು, ಬೆಳಿಗ್ಗೆ ಹುರಿದ ಬಂಗುಡೆ ಬೇಡ ಎಂದು ನಮ್ಮ ಅಡುಗೆಯ ಮಾತಿನಲ್ಲೇ ಹೇಳಿದರು. ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕದೆ ಮೂಲ ಬಾಟಲಿಯಲ್ಲೇ ಇಡಬೇಕು, ಬಿಪಿಯನ್ನು ವಾರಕ್ಕೊಮ್ಮೆ ನೋಡಿಸಬೇಕು, ಯಕೃತ್ತಿನ ರಕ್ತಪರೀಕ್ಷೆಯನ್ನು ಎರಡು ವಾರಕ್ಕೊಮ್ಮೆ ತಪ್ಪದೆ ಮಾಡಿಸಬೇಕು ಎಂಬುದನ್ನು ಕನ್ನಡದಲ್ಲೇ ಬರೆದುಕೊಟ್ಟರು.

ಕೊರತೆಯೂ ಇದೆ. ಖರ್ಚಿನ ಅಂದಾಜನ್ನು ಚೀಟಿ ಬರೆದ ಮೇಲಷ್ಟೇ ತಿಳಿಸಿದರು. ಸಾಲ ಹುಡುಕಬೇಕಾದ ಮನೆಯವರಿಗೆ ಮೊದಲೇ ಹೇಳಬೇಕಿತ್ತು. ಭಾನುವಾರ ಫೋನ್ ಎತ್ತುವವರು ಯಾರೂ ಇರಲಿಲ್ಲ.

ಮೂರನೆಯ ವಾರ ಹುಡುಗನ ಅಂಗಾಲು ಕೆಂಪಾಗಿ ಬೊಬ್ಬೆ ಎದ್ದಿತು, ಚಪ್ಪಲಿ ಮೆಟ್ಟಲು ಆಗಲಿಲ್ಲ. ಸೋಮವಾರ ಹೋದಾಗ ವೈದ್ಯರು ಕೆಲವು ದಿನ ಮಾತ್ರೆ ನಿಲ್ಲಿಸಿ, ಯೂರಿಯಾ ಕ್ರೀಮ್ ಬರೆದು, ಮುಂದಿನ ಸುತ್ತಿಗೆ ಪ್ರಮಾಣವನ್ನು ದಿನಕ್ಕೆ ಮೂರು ಮಾತ್ರೆಗೆ ಇಳಿಸಿದರು. ಈಗ ಅವನು ಅಂಗಳದವರೆಗೆ ಊರುಗೋಲಿನಲ್ಲಿ ನಡೆದು ಬರುತ್ತಾನೆ.