ಆಯ್ಕೆಯಾದ ಮೇಲೆ ಹಣ ಕೇಳುವ ಮಕ್ಕಳ ಸಾಹಿತ್ಯ ಪ್ರಶಸ್ತಿ: ದಯವಿಟ್ಟು ಎಚ್ಚರದಿಂದಿರಿ

ಮಕ್ಕಳಿಗಾಗಿ ಬರೆಯುವವರು, ಸ್ವತಃ ಬರೆಯುವ ಮಕ್ಕಳ ತಂದೆತಾಯಿ ಮತ್ತು ಶಾಲೆಗಳ ಕನ್ನಡ ಶಿಕ್ಷಕರು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಗದಗ, ಹುಬ್ಬಳ್ಳಿ, ಹಾವೇರಿ ಭಾಗದಲ್ಲಿ ಮಕ್ಕಳ ಮತ್ತು ಹದಿಹರೆಯದವರ ಪುಸ್ತಕಗಳಿಗೆ ‘ರಾಜ್ಯಮಟ್ಟದ ಪ್ರಶಸ್ತಿ’ ಕೊಡುತ್ತೇವೆಂದು ಒಂದು ತಂಡ ಹಣ ಎತ್ತುತ್ತಿದೆ. ಕಳೆದ ವರ್ಷ ಅವರ ಕೈಗೆ ಸಿಕ್ಕವಳು ನನ್ನ ವಿದ್ಯಾರ್ಥಿನಿ. ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದೂರು ವಿಚಾರಣೆಯಲ್ಲಿದೆ ಎಂಬುದು ಒಂದು ಕಾರಣ. ಅವರು ಊರಿಂದ ಊರಿಗೆ ಹೆಸರು ಬದಲಿಸುತ್ತಾರೆ ಎಂಬುದು ಇನ್ನೊಂದು. ಹೆಸರಿಗಿಂತ ಅವರು ಕೆಲಸ ಮಾಡುವ ರೀತಿಯನ್ನು ನೀವು ತಿಳಿದಿರಬೇಕು.

ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಈ ಹುಡುಗಿಯ ತಂದೆ ಬೇರೆಯವರ ಮಗ್ಗದಲ್ಲಿ ಕೂಲಿಗೆ ಸೀರೆ ನೇಯುವವರು. ಎಂಟನೆಯ ತರಗತಿಗೆ ಬಂದಾಗಲೇ ಆಕೆ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಕಥೆ ಬರೆಯುತ್ತಿದ್ದಳು. ಒಂದು ಕಥೆಯನ್ನು ನಾನು ಇಂದಿಗೂ ಬೇರೆ ತರಗತಿಗಳಲ್ಲಿ ಓದಿ ಹೇಳುತ್ತೇನೆ. ಮಗ್ಗದ ಕುಣಿಯಲ್ಲಿ, ಅಂದರೆ ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿಯಲ್ಲಿ, ಬೆಕ್ಕು ಮರಿ ಹಾಕುತ್ತದೆ. ಮರಿಗಳು ಕಣ್ಣು ಬಿಡುವವರೆಗೆ ಕುಣಿಗೆ ಕಾಲು ಇಳಿಸುವುದಿಲ್ಲವೆಂದು ಅಜ್ಜ ಹಟ ಹಿಡಿಯುತ್ತಾನೆ. ಸೀರೆ ತಡವಾಯಿತೆಂದು ಮಾಲೀಕ ಮನೆ ಬಾಗಿಲಿಗೆ ಬರುತ್ತಾನೆ. ಮಾಲೀಕನನ್ನು ದುಷ್ಟನನ್ನಾಗಿಸದೆ, ಅಜ್ಜನ ಬಾಯಲ್ಲಿ ಉಪದೇಶ ಹಾಕದೆ ಆಕೆ ಆ ಕಥೆಯನ್ನು ಮುಗಿಸಿದ ರೀತಿ ದೊಡ್ಡ ಲೇಖಕರಿಗೂ ಸುಲಭಕ್ಕೆ ಒದಗುವಂಥದ್ದಲ್ಲ. ಶಾಲೆಯ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದರು. ಗದಗಿನಲ್ಲಿ ಮುದ್ರಣಾಲಯಗಳಿಗೆ ಕೊರತೆಯಿಲ್ಲ. ಒಬ್ಬರು ಬರೀ ಕಾಗದದ ಖರ್ಚಿಗೆ ಪುಸ್ತಕ ಅಚ್ಚು ಹಾಕಿಕೊಟ್ಟರು.

ಪುಸ್ತಕ ಬಂದ ಕೆಲವು ತಿಂಗಳಿಗೆ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಆಹ್ವಾನ ಬಂತು. ಪುಸ್ತಕದ ನಾಲ್ಕು ಪ್ರತಿ, ಲೇಖಕರ ಕಿರುಪರಿಚಯ, ಎರಡು ಭಾವಚಿತ್ರ ಕಳುಹಿಸಬೇಕು. ‘ಪ್ರವೇಶ ಶುಲ್ಕ ಇರುವುದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಪ್ರತಿಗಳನ್ನು ಕೇಳುವುದು ಸರಿಯಾದ ಪ್ರಶಸ್ತಿಗಳಲ್ಲಿಯೂ ಇರುವ ಕ್ರಮ. ಕಂದು ಕಾಗದ ಸುತ್ತಿ, ನನ್ನ ಕೈಯಾರೆ ವಿಳಾಸ ಬರೆದು ಅಂಚೆಗೆ ಹಾಕಿದೆ.

ಆಮೇಲೆ ಅವರು ನನ್ನೊಡನೆ ಮಾತನಾಡಲಿಲ್ಲ, ಹುಡುಗಿಯ ತಂದೆಗೆ ಕರೆ ಮಾಡಿದರು. ಇದನ್ನು ಗಮನಿಸಿ. ಪ್ರಶ್ನೆ ಕೇಳಬಲ್ಲವರನ್ನು ಬಿಟ್ಟು, ಸಂತೋಷದಿಂದ ಗಂಟಲು ಕಟ್ಟುವವರನ್ನು ಅವರು ಹುಡುಕುತ್ತಾರೆ. ನಿಮ್ಮ ಮಗಳ ಕೃತಿಯನ್ನು ತೀರ್ಪುಗಾರರು ಒಮ್ಮತದಿಂದ ಆರಿಸಿದ್ದಾರೆ, ಹುಬ್ಬಳ್ಳಿಯಲ್ಲಿ ಸಮಾರಂಭ, ಗಣ್ಯರು ಬರುತ್ತಾರೆ ಎಂದರು. ಮೊದಲ ಕರೆಯಲ್ಲಿ ಹಣದ ಮಾತೇ ಇಲ್ಲ. ಎರಡು ದಿನ ಓಣಿಯಲ್ಲೆಲ್ಲ ಸುದ್ದಿ ಹರಡಲು ಬಿಟ್ಟು, ಮೂರನೆಯ ದಿನ ‘ಪ್ರಶಸ್ತಿ ಕಿಟ್’ಗೆ ಮೂರೂವರೆ ಸಾವಿರ ಕೇಳಿದರು. ನಂತರ ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟದ ಶುಭಾಶಯ ಜಾಹೀರಾತಿಗೆ ಐದು ಸಾವಿರ. ಅದು ಕಡ್ಡಾಯವಲ್ಲ, ಆದರೆ ಕೊಟ್ಟವರ ಮಕ್ಕಳಿಗೆ ವೇದಿಕೆಯಲ್ಲಿ ಮಾತನಾಡಲು ಅವಕಾಶವಂತೆ. ಊರಿಗೆಲ್ಲ ಗೊತ್ತಾದ ಮೇಲೆ ಯಾವ ತಂದೆ ತಾನೇ ಬೇಡವೆನ್ನುತ್ತಾನೆ? ಹುಡುಗಿಯ ತಂದೆ ಮಾಲೀಕನ ಬಳಿ ಮುಂಗಡ ತಂದು, ಪಕ್ಕದ ಅಂಗಡಿಯ ಹುಡುಗನ ಮೊಬೈಲ್‌ನಿಂದ ಹಣ ಕಳುಹಿಸಿದರು. ಹಣ ಹೋದದ್ದು ಸಂಸ್ಥೆಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಹೆಸರಿನ ಖಾತೆಗೆ.

ಆಮಂತ್ರಣ ಪತ್ರಿಕೆ ಹಿಡಿದು ಅವರು ಶಾಲೆಗೆ ಬಂದಾಗಲೇ ನನಗೆ ವಿಷಯ ತಿಳಿದದ್ದು. “ಸರ್, ನೀವೂ ಬರಬೇಕು. ನಿಮ್ಮ ಹುಡುಗಿ ಅವಳು” ಎಂದರು. ನಾನು ಸಂಘಟಕರಿಗೆ ಕರೆ ಮಾಡಿ ತೀರ್ಪುಗಾರರು ಯಾರೆಂದು ಕೇಳಿದೆ. ಗೌಪ್ಯ ಎಂದರು. ಸಮಾರಂಭ ಮುಗಿದ ಮೇಲಾದರೂ ಹೆಸರು ಹೇಳುತ್ತೀರಾ ಎಂದರೆ, “ನಿಮಗೆ ಮಗುವಿನ ಏಳಿಗೆ ಬೇಡವೇ ಗುರುಗಳೇ?” ಎಂದು ನನ್ನನ್ನೇ ಕೇಳಿದರು.

ಹುಬ್ಬಳ್ಳಿಯ ಆ ಸಭಾಭವನದಲ್ಲಿ ಪ್ರಶಸ್ತಿ ಪಡೆಯುವವರೇ ಎಪ್ಪತ್ತಕ್ಕೂ ಹೆಚ್ಚು ಮಂದಿ. ಮಕ್ಕಳ ಕವಿತೆ, ಕಾದಂಬರಿ, ಯೋಗ, ರಂಗೋಲಿ, ಭೂಮಾಪನ, ಎಲ್ಲಕ್ಕೂ ಒಂದೇ ಪ್ರಶಸ್ತಿ, ಒಂದೇ ಶಾಲು, ಒಂದೇ ಫಲಕ. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿದ್ದ ಗಣ್ಯರಲ್ಲಿ ಒಬ್ಬರೂ ಬಂದಿರಲಿಲ್ಲ. ಮಾತನಾಡುವ ಅವಕಾಶವೆಂದರೆ ಹೆಸರು ಮತ್ತು ಊರು ಹೇಳಿ ಕೆಳಗಿಳಿಯುವುದು. ಹುಡುಗಿಯ ಕೈಗೆ ಬಂದ ಬಿನ್ನವತ್ತಳೆಯಲ್ಲಿ ‘ನಾಲ್ಕು ದಶಕಗಳ ನಿರಂತರ ಸಾಹಿತ್ಯ ಸೇವೆ’ ಎಂದು ಅಚ್ಚಾಗಿತ್ತು, ಕಥೆಗಳ ಪುಸ್ತಕವನ್ನು ಕವನ ಸಂಕಲನ ಎನ್ನಲಾಗಿತ್ತು. ಫೋಟೊ ಬೇಕಾದರೆ ಮತ್ತೆ ಹಣ. ನೀರು ಹುಡುಕಿಕೊಂಡು ವೇದಿಕೆಯ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಮೂಲೆಯಲ್ಲಿ ಪುಸ್ತಕದ ಕಟ್ಟುಗಳನ್ನು ಒಟ್ಟಿದ್ದರು. ನನ್ನ ಕೈಬರಹದ ವಿಳಾಸವಿದ್ದ ಕಂದು ಪೊಟ್ಟಣವೂ ಇತ್ತು. ಅದಕ್ಕೆ ನಾನು ಅಂಟಿಸಿದ ಟೇಪನ್ನು ಯಾರೂ ಕಿತ್ತಿರಲಿಲ್ಲ.

ಬಸ್ಸಿನಲ್ಲಿ ಆಕೆ ಕೇಳಿದ್ದು ಒಂದೇ: “ಸರ್, ಅವರಿಗೆ ಯಾವ ಕಥೆ ಇಷ್ಟವಾಯಿತಂತೆ?” ಹಣ ಹೋದದ್ದಕ್ಕಿಂತ ನನಗೆ ಈ ಪ್ರಶ್ನೆಯೇ ಹೆಚ್ಚು ಸಿಟ್ಟು ತರಿಸುತ್ತದೆ. ಬರೆಯುವ ಮಗುವಿಗೆ ಬೇಕಾದದ್ದು ಯಾರೋ ಓದಿದರು ಎಂಬ ಭರವಸೆ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಓದುಗರ ಬಳಗದವರು ಇದೇ ಪುಸ್ತಕಕ್ಕೆ ಐನೂರು ರೂಪಾಯಿ ಮತ್ತು ಎರಡು ಪುಟದ ಪತ್ರ ಕಳುಹಿಸಿದ್ದರು. ಬೆಕ್ಕಿನ ಕಥೆಯಲ್ಲಿ ಅಜ್ಜಿ ಏನೂ ಮಾತನಾಡುವುದಿಲ್ಲವಲ್ಲ, ಏಕೆ ಎಂದು ಅದರಲ್ಲಿ ಕೇಳಿದ್ದರು. ಅದನ್ನು ನಾನು ನಿಜವಾದ ಪ್ರಶಸ್ತಿ ಎನ್ನುತ್ತೇನೆ. ಹುಡುಗಿ ಆ ಪ್ರಶ್ನೆಗೆ ಉತ್ತರವಾಗಿ ಇನ್ನೊಂದು ಕಥೆಯನ್ನೇ ಬರೆದಳು.

ಅವರ ಇನ್ನೊಂದು ಬಲೆ ಹೆಚ್ಚು ಅಪಾಯಕಾರಿ. ಸಮಾರಂಭದ ನಂತರ ಬಂದ ಪತ್ರದಲ್ಲಿ, ಹನ್ನೆರಡು ಸಾವಿರ ಕೊಟ್ಟರೆ ‘ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅಂತರರಾಷ್ಟ್ರೀಯ ಪ್ರಶಸ್ತಿ’ಗೆ ಶಿಫಾರಸು ಮಾಡುತ್ತೇವೆ ಎಂದಿತ್ತು. ಇದು ಹಸಿ ಸುಳ್ಳು. ಆಂಡರ್ಸನ್ ಪ್ರಶಸ್ತಿಯನ್ನು ಕೊಡುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕಚೇರಿಯಿರುವ ಐಬಿಬಿವೈ ಎಂಬ, ಮಕ್ಕಳ ಪುಸ್ತಕಗಳಿಗಾಗಿ ಇರುವ ಅಂತರರಾಷ್ಟ್ರೀಯ ಸಂಸ್ಥೆ. 1956ರಿಂದ ಲೇಖಕರಿಗೆ, 1966ರಿಂದ ಚಿತ್ರಕಾರರಿಗೂ ಎರಡು ವರ್ಷಕ್ಕೊಮ್ಮೆ ಅದು ಸಲ್ಲುತ್ತದೆ. ಹೆಸರು ಸೂಚಿಸುವುದು ಆಯಾ ದೇಶದ ಐಬಿಬಿವೈ ಶಾಖೆ. ಅಲ್ಲಿ ಪರಿಗಣಿಸುವುದು ಒಬ್ಬ ಲೇಖಕರ ಜೀವಮಾನದ ಒಟ್ಟು ಬರವಣಿಗೆಯನ್ನು; ಮೊದಲ ಪುಸ್ತಕ ಬರೆದ ಹದಿನಾಲ್ಕರ ಹುಡುಗಿಗೆ ಆ ದಾರಿಯೇ ಇಲ್ಲ. ಮಕ್ಕಳ ಸಾಹಿತ್ಯಕ್ಕಾಗಿ ಸ್ವೀಡನ್ ಸರ್ಕಾರ 2002ರಲ್ಲಿ ಆರಂಭಿಸಿದ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿಯ ಮೊತ್ತ 50 ಲಕ್ಷ ಸ್ವೀಡಿಷ್ ಕ್ರೋನ. ಅದಕ್ಕೂ ಲೇಖಕರು ತಾವೇ ಅರ್ಜಿ ಹಾಕುವಂತಿಲ್ಲ, ಮಾನ್ಯತೆ ಪಡೆದ ಸಂಸ್ಥೆಗಳೇ ಹೆಸರು ಸೂಚಿಸಬೇಕು. ಗದಗಿನಿಂದಾಗಲಿ ಬೆಂಗಳೂರಿನಿಂದಾಗಲಿ ಹಣ ಪಡೆದು ಇಂಥ ಪ್ರಶಸ್ತಿಗೆ ದಾರಿ ಮಾಡಿಕೊಡುವ ಮಧ್ಯವರ್ತಿ ಎಂಬುವನು ಇರಲು ಸಾಧ್ಯವಿಲ್ಲ.

ಪ್ರವೇಶ ಶುಲ್ಕ ಎಂದರೆ ಮೋಸವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹಾಗೆ ಹೇಳಲಾಗದು. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನಲ್ಲಿ ಎಳೆಯರ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗವಿದೆ, ಪುಸ್ತಕ ಸಲ್ಲಿಸುವಾಗ ಪ್ರಕಾಶಕರು ಶುಲ್ಕ ಕಟ್ಟುತ್ತಾರೆ. ಆದರೆ ಅಲ್ಲಿ ಗೆದ್ದವರೂ ಸೋತವರೂ ಪ್ರವೇಶ ಶುಲ್ಕವನ್ನು ಮೊದಲೇ ಕಟ್ಟಿರುತ್ತಾರೆ; ತೀರ್ಪುಗಾರರ ಹೆಸರು ಬಹಿರಂಗವಾಗಿರುತ್ತದೆ. ನಮ್ಮಲ್ಲಿ ನಡೆದದ್ದು ತಿರುವುಮುರುವು. ಬಾಗಿಲಲ್ಲಿ ಉಚಿತ, ಗೆದ್ದ ಮೇಲೆ ವಸೂಲಿ. ಗೆದ್ದವರಿಂದ ಮಾತ್ರ ಹಣ ಬರುವುದಾದರೆ ಎಲ್ಲರನ್ನೂ ಗೆಲ್ಲಿಸುವುದೇ ಲಾಭ.

ನಮ್ಮ ದೇಶದ, ನಮ್ಮ ನಾಡಿನ ಪ್ರಶಸ್ತಿಗಳನ್ನು ನೋಡಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಲ್ಲಿ ಶುರುವಾಯಿತು. ಕನ್ನಡವೂ ಸೇರಿ 24 ಭಾಷೆಗಳಿಗೆ ಸಲ್ಲುವ ಈ ಪುರಸ್ಕಾರ 50,000 ರೂಪಾಯಿ ಮತ್ತು ತಾಮ್ರ ಫಲಕವನ್ನು ಒಳಗೊಂಡಿದೆ. ಫಲಿತಾಂಶದ ಪ್ರಕಟಣೆಯಲ್ಲಿಯೇ ಪ್ರತಿ ಭಾಷೆಯ ತೀರ್ಪುಗಾರರ ಹೆಸರುಗಳೂ ಇರುತ್ತವೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ವಾರ್ಷಿಕ ಪುಸ್ತಕ ಬಹುಮಾನದಲ್ಲಿ ಮಕ್ಕಳ ಸಾಹಿತ್ಯಕ್ಕೆ ತನ್ನದೇ ಪ್ರಕಾರವಿದೆ. ಕನ್ನಡ ಸಾಹಿತ್ಯ ಪರಿಷತ್ತು ಹಲವು ದತ್ತಿ ಬಹುಮಾನಗಳಿಗೆ ಪುಸ್ತಕಗಳನ್ನು ಆಹ್ವಾನಿಸುತ್ತದೆ. ನಮ್ಮ ಪಕ್ಕದ ಧಾರವಾಡದಲ್ಲಿಯೇ ಕರ್ನಾಟಕ ಬಾಲವಿಕಾಸ ಅಕಾಡೆಮಿ ಇದೆ. ಎಳೆಯ ಪ್ರತಿಭೆಗಳಿಗೆಂದೇ ಇರುವ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರಕ್ಕೆ 5ರಿಂದ 18 ವರ್ಷದ ಮಕ್ಕಳ ಹೆಸರನ್ನು ಕೇಂದ್ರ ಸರ್ಕಾರದ ಪ್ರಶಸ್ತಿಗಳ ಜಾಲತಾಣದಲ್ಲಿ ಯಾರು ಬೇಕಾದರೂ ಸೂಚಿಸಬಹುದು. ಇವುಗಳ ಆಯ್ಕೆ ಕೆಲವೊಮ್ಮೆ ನಮಗೆ ಒಪ್ಪಿಗೆಯಾಗದೆ ಹೋಗಬಹುದು, ತಡವಾಗಬಹುದು. ಆ ಜಗಳ ಬೇರೆ. ಆದರೆ ಗೆದ್ದ ಮಗುವಿನ ಮನೆಗೆ ಕರೆ ಮಾಡಿ ಶಾಲಿನ ದುಡ್ಡು ಕೇಳುವ ಕೆಲಸ ಇಲ್ಲಿಲ್ಲ.

ಇನ್ನು ಹಕ್ಕಿನ ವಿಷಯ, ಇದನ್ನು ತಾಳ್ಮೆಯಿಂದ ಓದಿ. ಕಿಟ್‌ನ ಜೊತೆ ಕೊಟ್ಟ ಫಾರಂನ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ‘ಕೃತಿಯ ಎಲ್ಲ ಪ್ರಕಟಣಾ ಹಕ್ಕುಗಳನ್ನು ಪ್ರತಿಷ್ಠಾನಕ್ಕೆ ಒಪ್ಪಿಸಿದ್ದೇನೆ’ ಎಂದಿತ್ತು. ಸ್ವಾಗತದ ಮೇಜಿನ ಬಳಿ ಗಡಿಬಿಡಿಯಲ್ಲಿ ಮಕ್ಕಳಿಂದಲೇ ಸಹಿ ಹಾಕಿಸಿಕೊಂಡಿದ್ದರು. ಕೆಲವು ತಿಂಗಳ ಮೇಲೆ ಬೆಕ್ಕಿನ ಕಥೆ ಅವರ ಸಂಕಲನವೊಂದರಲ್ಲಿ ಅಚ್ಚಾಯಿತು. ಕೊನೆಯಲ್ಲಿ ಒಂದು ನೀತಿಯನ್ನೂ ಅವರೇ ಸೇರಿಸಿದ್ದರು. ಆ ಸಂಕಲನವನ್ನು ಶಾಲೆಗಳಿಗೆ ಮಾರುತ್ತಿದ್ದರು. ನಮ್ಮ ಶಾಲೆಗೂ ಕೊಳ್ಳಲು ಕೇಳಿದರು.

ಗದಗಿನ ವಕೀಲರೊಬ್ಬರು ಹಣ ಪಡೆಯದೆ ನಮಗೆ ದಾರಿ ತೋರಿಸಿದರು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಆ ಸಹಿಗೆ ಬಲವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದು ಅದರಲ್ಲಿ ಇರಬೇಕು. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದು ಕಾಯ್ದೆ ಎಣಿಸುತ್ತದೆ. ಲೇಖಕರ ಕೃತಿಸ್ವಾಮ್ಯ ಅವರು ಬದುಕಿರುವಷ್ಟು ಕಾಲ, ಆನಂತರ 60 ವರ್ಷ ಉಳಿಯುತ್ತದೆ. ಹದಿನಾಲ್ಕರ ಮಗುವಿನ ವಿಷಯದಲ್ಲಿ ಇದು ನೂರು ವರ್ಷಕ್ಕೂ ಮಿಕ್ಕಿದ ಆಸ್ತಿಯಾಗಬಹುದು. ಅದನ್ನು ಒಂದು ಶಾಲು ಮತ್ತು ಫಲಕ ತೋರಿಸಿ ಬರೆಸಿಕೊಳ್ಳುವುದು ನನ್ನ ಕಣ್ಣಿಗೆ ಕಳ್ಳತನ. ತಂದೆಯ ಪರವಾಗಿ ನೋಟಿಸ್ ಹೋದ ಮೇಲೆ ಕಥೆಯನ್ನು ಮುಂದಿನ ಮುದ್ರಣದಿಂದ ತೆಗೆಯುತ್ತೇವೆಂದು ಬರೆದುಕೊಟ್ಟಿದ್ದಾರೆ. ಹಣ ಇನ್ನೂ ಬಂದಿಲ್ಲ.

ಈ ತಿಂಗಳು ಹಾವೇರಿ ಜಿಲ್ಲೆಯ ಕೆಲವು ಶಾಲೆಗಳಿಗೆ ಬೇರೆ ಹೆಸರಿನಲ್ಲಿ ಆಹ್ವಾನ ಬಂದಿದೆ. ವಾಕ್ಯಗಳು ಅವೇ, ಹಣ ಕಳುಹಿಸಬೇಕಾದ ಸಂಖ್ಯೆಯೂ ಅದೇ. ನಿಮಗೆ ಕರೆ ಬಂದರೆ ಮೊದಲು ಕೇಳಬೇಕಾದದ್ದು, ಪುಸ್ತಕವನ್ನು ಓದಿದವರು ಯಾರು, ಅವರು ಅದರ ಬಗ್ಗೆ ಬರೆದ ನಾಲ್ಕು ಸಾಲು ಎಲ್ಲಿದೆ ಎಂದು. ಹಿಂದಿನ ವರ್ಷ ಯಾರಿಗೆ ಕೊಟ್ಟಿದ್ದರು ಎಂದು ಕೇಳಿ ಅವರಲ್ಲಿ ಇಬ್ಬರೊಡನೆ ಮಾತನಾಡಿ. ಪ್ರತಿಷ್ಠಾನ, ಸಂಘ ಎಂದು ಹೇಳಿಕೊಂಡರೆ ನೋಂದಣಿ ಸಂಖ್ಯೆ ಪಡೆಯಿರಿ; 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಘವಾದರೆ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಅದರ ದಾಖಲೆ ಇರಬೇಕು. ಮಕ್ಕಳ ಕೈಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ.

ಈಗಾಗಲೇ ಹಣ ಕಳುಹಿಸಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಫಾರಂಗೆ ಸಹಿಯಾಗಿದ್ದರೆ ಒಪ್ಪಿಗೆಯಿಲ್ಲವೆಂದು ತಂದೆ ಅಥವಾ ತಾಯಿ ಬರೆದು ನೋಂದಾಯಿತ ಅಂಚೆಯಲ್ಲಿ ಕಳುಹಿಸಲಿ. ಆಹ್ವಾನದ ಸಂದೇಶ, ಹಣ ಹೋದ ದಾಖಲೆ, ಬಿನ್ನವತ್ತಳೆ, ಯಾವುದನ್ನೂ ಸಿಟ್ಟಿನಲ್ಲಿ ಹರಿದು ಹಾಕಬೇಡಿ. ನಾವು ಗದಗಿನ ಕೆಲವು ಕುಟುಂಬಗಳು ಕೂಡಿ ದೂರು ಕೊಟ್ಟಿದ್ದೇವೆ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಂದವರು ಒಬ್ಬರೇ ಎಂದು ತೋರಿಸಲು ಹಾವೇರಿ, ಹುಬ್ಬಳ್ಳಿಯವರ ದಾಖಲೆಗಳೂ ಬೇಕು. ನಿಮ್ಮ ಠಾಣೆಯಲ್ಲಿ ದೂರು ಕೊಡುವಾಗ ಗದಗಿನಲ್ಲಿಯೂ ಇಂಥದೇ ದೂರಿದೆ ಎಂದು ಅದರಲ್ಲಿ ಬರೆಯಿರಿ.