ಅಡಿಕೆ ಲೆಕ್ಕಕ್ಕೆ ಪಿವಟ್ ಟೇಬಲ್: ಸರಾಸರಿ ಒಂದು ಬಿಟ್ಟರೆ ತಕರಾರಿಲ್ಲ

ಶಿರಸಿಯ ಒಂದು ಅಡಿಕೆ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಎಕ್ಸೆಲ್ ಥರದ್ದೇ ಆದ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಪಿವಟ್ ಟೇಬಲ್ (ಉದ್ದನೆಯ ಪಟ್ಟಿಯನ್ನು ಬೇಕಾದ ಹಾಗೆ ಗುಂಪು ಮಾಡಿ ಒಟ್ಟು ತೋರಿಸುವ ಕೋಷ್ಟಕ) ಬಳಸಲು ಶುರು ಮಾಡಿ ಕೆಲವು ಹಂಗಾಮು ಕಳೆದಿವೆ. ಕ್ಯಾಲ್ಕ್ ಯಾಕೆ ಅಂದರೆ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಅಷ್ಟೇ. ಪಿವಟ್ ಟೇಬಲ್ ಹಾಕುವುದು ಹೇಗೆ ಅಂತ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಅದನ್ನೆಲ್ಲ ಇಲ್ಲಿ ಮತ್ತೆ ಹೇಳುವುದಿಲ್ಲ. ದಿನಾ ಬಳಸಿದ ಮೇಲೆ ಏನು ಇಷ್ಟ ಆಯಿತು, ಎಲ್ಲಿ ತಲೆ ಕೆಟ್ಟಿತು, ಅದನ್ನು ಮಾತ್ರ ಬರೆಯುತ್ತೇನೆ.

ನಮ್ಮ ಹಾಳೆ ತುಂಬಾ ಸರಳ. ದಿನಾಂಕ, ಬೆಳೆಗಾರರ ಹೆಸರು, ಊರು, ಅಡಿಕೆಯ ಬಗೆ, ತೂಕ, ದರ, ಮೊತ್ತ, ಖರೀದಿದಾರ. ಒಂದು ಲಾಟಿಗೆ, ಅಂದರೆ ಒಟ್ಟಿಗೆ ಮಾರಿದ ಮಾಲಿಗೆ, ಒಂದು ಸಾಲು. ಮಧ್ಯೆ ಖಾಲಿ ಸಾಲಿಲ್ಲ, ಮರ್ಜ್ ಮಾಡಿದ ಸೆಲ್ ಇಲ್ಲ, ತಿಂಗಳ ಕೊನೆಗೆ 'ಒಟ್ಟು' ಅಂತ ಬರೆಯುವ ಹಳೇ ಅಭ್ಯಾಸವೂ ಇಲ್ಲ. ಪಿವಟ್ ಟೇಬಲ್ ಕಲಿಯುವುದರಲ್ಲಿ ಅರ್ಧ ಕೆಲಸ ಇದೇ. ಹಾಳೆ ಹೀಗಿದ್ದರೆ ಉಳಿದದ್ದು ಎಳೆದು ಬಿಡುವ ಆಟ.

ಸಂಜೆ ಅಡಿಕೆ ಮಾರಾಟದ ಟೆಂಡರ್ ಮುಗಿದು ಚೀಟಿಗಳೆಲ್ಲ ಮೇಜಿಗೆ ಬಂದ ಮೇಲೆ ನನ್ನ ಖುಷಿಯ ಹೊತ್ತು. ಒಂದು ಕವಳ ಹಾಕಿಕೊಂಡು ಚೀಟಿ ನೋಡಿ ಟೈಪ್ ಮಾಡುತ್ತೇನೆ. ಆಮೇಲೆ ಪಿವಟ್ ಹಾಳೆಗೆ ಹೋಗಿ ರೈಟ್ ಕ್ಲಿಕ್, ರಿಫ್ರೆಶ್. (ಇದನ್ನು ನಾವೇ ಒತ್ತಬೇಕು. ಮೂಲ ಹಾಳೆಯಲ್ಲಿ ಹೊಸ ಸಾಲು ಸೇರಿದ್ದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ.) ಬಗೆಯನ್ನು ಸಾಲಿಗೆ ಹಾಕಿದರೆ ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಷ್ಟು ಅಂತ ಕ್ಷಣದಲ್ಲಿ ಬರುತ್ತದೆ. ದಿನಾಂಕವನ್ನು ತಿಂಗಳಿಗೆ ಗುಂಪು ಮಾಡಿ ಅಡ್ಡಕ್ಕೆ ಇಟ್ಟರೆ ಇಡೀ ವರ್ಷ ಕಣ್ಣಮುಂದೆ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ ಕೆಂಪು ರಾಶಿ ಮೊದಲು ಬರುತ್ತದೆ. ಹಣ್ಣಾಗಿ ಕೊಯ್ದು, ಸಿಪ್ಪೆ ಸಮೇತ ಅಂಗಳದಲ್ಲಿ ವಾರಗಟ್ಟಲೆ ಒಣಗುವ ಚಾಲಿ ಆಮೇಲೆ. ನಮಗೆಲ್ಲ ಗೊತ್ತಿರುವ ವಿಷಯವೇ, ಆದರೂ ಅಂಕಿಗಳು ಹಾಗೆ ಸಾಲಾಗಿ ನಿಂತದ್ದು ನೋಡುವುದು ಬೇರೇನೇ ಮಜಾ. ಒಮ್ಮೆ ಏಳೇಳು ದಿನದ ಗುಂಪು ಮಾಡಿ ನೋಡಿದಾಗ 2024ರ ಮಾರ್ಚ್‌ನಲ್ಲಿ ಒಂದು ವಾರದ ಸಾಲೇ ಕಾಣಲಿಲ್ಲ. ಮಾರಿಕಾಂಬಾ ಜಾತ್ರೆ! ಆ ವಾರ ಯಾರಿಗೆ ಬೇಕು ಅಡಿಕೆ?

ಇನ್ನೊಂದು ಸುಖ ಇದೆ, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಯಾವುದಾದರೂ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿ. ಆ ಅಂಕಿಯ ಹಿಂದಿರುವ ಸಾಲುಗಳಷ್ಟೇ ಹೊಸ ಹಾಳೆಯಲ್ಲಿ ಬಂದು ಕೂರುತ್ತವೆ. ಬೆಳೆಗಾರರು ಬಂದು "ನನ್ನ ಬಾಬ್ತು ಇಷ್ಟು ಹ್ಯಾಂಗೆ?" ಅಂದರೆ ಮೊದಲೆಲ್ಲ ಖಾತೆ ಪುಸ್ತಕ ತಿರುವುತ್ತಾ ಕೂರಬೇಕಿತ್ತು. ಈಗ ಅವರ ಹೆಸರಿನ ಮುಂದಿನ ಅಂಕಿಯನ್ನು ಎರಡು ಸಲ ಒತ್ತಿ, ಸ್ಕ್ರೀನ್ ಅವರ ಕಡೆ ತಿರುಗಿಸಿದರೆ ಆಯಿತು. ಮಾತು ಅಲ್ಲಿಗೇ ಮುಗಿಯುತ್ತದೆ. ಇದೊಂದಕ್ಕಾಗಿಯೇ ಕಲಿಯಬಹುದು ಅಂತ ನನ್ನ ಅಭಿಪ್ರಾಯ.

ಊರಿನ ಪ್ರಕಾರ ಬಿಡಿಸಿದಾಗ ಮಾತ್ರ ನಗು ಬಂತು. ಸೋಂದಾ ಒಂದು ಸಾಲು, ಸೋದೆ ಒಂದು, ಸ್ವಾದಿ ಮತ್ತೊಂದು. ಒಂದೇ ಊರು ಮೂರಾಗಿತ್ತು. ಹುಲೇಕಲ್ ಎರಡು ಸಲ ಬಂದಿತ್ತು, ನೋಡಲು ಎರಡೂ ಒಂದೇ ಥರ. ಒಂದರ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇತ್ತು. ಹಳೇ ಫೈಲುಗಳದ್ದು ಇನ್ನೂ ಕಷ್ಟ. ಅವು ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿವೆ, ಇಂಗ್ಲಿಷ್ ಅಕ್ಷರಕ್ಕೇ ಕನ್ನಡದ ರೂಪ ತೊಡಿಸಿದ್ದು. ಹಾಳೆಯಲ್ಲಿ ಚಂದ ಕನ್ನಡ, ಪಿವಟ್ ಟೇಬಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಚಿಂದಿ. ಪಿವಟ್ ಟೇಬಲ್‌ಗೆ ಫಾಂಟ್ ಬೇಕಿಲ್ಲ, ಒಳಗಿನ ಅಕ್ಷರಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ಕನ್ವರ್ಟರ್ ಹಾಕಿ ಯುನಿಕೋಡ್‌ಗೆ ತಂದ ಮೇಲೇ ಹಳೇ ವರ್ಷಗಳು ಹೊಸದರ ಜೊತೆ ಕೂಡಿದವು. ಈಗ ಊರಿನ ಕಾಲಂಗೆ ಡ್ರಾಪ್‌ಡೌನ್ ಪಟ್ಟಿ ಹಾಕಿದ್ದೇನೆ, ಪಟ್ಟಿಯಲ್ಲಿರುವ ಹೆಸರನ್ನೇ ಆರಿಸಬೇಕು. ಇದನ್ನು ಪಿವಟ್ ಟೇಬಲ್‌ನ ತಪ್ಪು ಅನ್ನೋಕಾಗುವುದಿಲ್ಲ. ಮನೆ ಕಸ ತೋರಿಸಿಕೊಟ್ಟಿತು ಅಷ್ಟೇ.

ಸರಾಸರಿ ಮಾತ್ರ ಹಾಗಲ್ಲ.

ನಮ್ಮ ವ್ಯಾಪಾರದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಈ ತಿಂಗಳು ಚಾಲಿ ಸರಾಸರಿ ಎಷ್ಟಕ್ಕೆ ಹೋಯಿತು?" ದರದ ಕಾಲಂ ಎಳೆದು ತಂದು ಸಮ್ ಬದಲು ಆವರೇಜ್ ಆರಿಸಿದರೆ ಒಂದು ಅಂಕಿ ಬರುತ್ತದೆ. ನಮ್ಮ ಅಂಗಡಿಯ ಹಿರಿಯ ಗುಮಾಸ್ತರ ಕೈಲೆಕ್ಕದಲ್ಲಿ ಇನ್ನೊಂದು ಅಂಕಿ. ಅವರದ್ದು ಯಾವಾಗಲೂ ಸ್ವಲ್ಪ ಕಡಿಮೆ. ಅವರ ಪದ್ಧತಿ ಒಂದೇ, ಬಂದ ಒಟ್ಟು ದುಡ್ಡನ್ನು ಒಟ್ಟು ತೂಕದಿಂದ ಭಾಗಿಸುವುದು.

ಉದಾಹರಣೆಗೆ ಎರಡೇ ಲಾಟು ಅಂದುಕೊಳ್ಳಿ. 2 ಕ್ವಿಂಟಲ್ ಒಳ್ಳೇ ಮಾಲು ಕ್ವಿಂಟಲಿಗೆ 40,000ಕ್ಕೆ ಹೋಯಿತು, 10 ಕ್ವಿಂಟಲ್ ಸಾಧಾರಣ ಮಾಲು ಕ್ವಿಂಟಲಿಗೆ 34,000ಕ್ಕೆ. ಪಿವಟ್ ಟೇಬಲ್ ಎರಡು ದರ ಕೂಡಿಸಿ ಎರಡರಿಂದ ಭಾಗಿಸಿ 37,000 ಅನ್ನುತ್ತದೆ. ಆದರೆ ಬಂದ ದುಡ್ಡು 4,20,000, ತೂಕ 12 ಕ್ವಿಂಟಲ್. ನಿಜವಾದ ದರ 35,000. ಕ್ವಿಂಟಲಿಗೆ 2,000 ವ್ಯತ್ಯಾಸ! ಚೀಲ ಎರಡಾದರೂ ಒಂದು ಸಾಲು, ಇಪ್ಪತ್ತಾದರೂ ಒಂದು ಸಾಲು, ಅದಕ್ಕೆ ಎರಡೂ ಸಮ. ಚೊಲೋ ಮಾಲು ಸಣ್ಣ ಸಣ್ಣ ಲಾಟಿನಲ್ಲಿ ಬರುವುದೇ ಜಾಸ್ತಿಯಾದ್ದರಿಂದ ಈ ಸರಾಸರಿ ಯಾವಾಗಲೂ ಮೇಲಕ್ಕೇ ಜಾರುತ್ತದೆ. ಅದನ್ನು ನಂಬಿ ಯಾರಾದರೂ ಮಾಲು ಹಿಡಿದಿಟ್ಟುಕೊಂಡರೆ ಏನು ಗತಿ?

ಎಕ್ಸೆಲ್‌ನಲ್ಲಿ ಇದಕ್ಕೆ ಕ್ಯಾಲ್ಕುಲೇಟೆಡ್ ಫೀಲ್ಡ್ ಇದೆ. ಮೊತ್ತ ಭಾಗಿಸು ತೂಕ ಅಂತ ಬರೆದರೆ ಅದು ಮೊದಲು ಎರಡನ್ನೂ ಬೇರೆ ಬೇರೆ ಕೂಡಿಸಿ ಆಮೇಲೆ ಭಾಗಿಸುತ್ತದೆ, ನಮ್ಮ ಗುಮಾಸ್ತರ ಹಾಗೆಯೇ. ಗೂಗಲ್ ಶೀಟ್ಸ್‌ನಲ್ಲೂ ಇದೆ, ಅಲ್ಲಿ ಕಸ್ಟಮ್ ಅಂತ ಆರಿಸಿ ಒಂದು ಸಮ್ ಅನ್ನು ಇನ್ನೊಂದು ಸಮ್‌ನಿಂದ ಭಾಗಿಸಬೇಕು. ಕ್ಯಾಲ್ಕ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಲೋಟಸ್ ಇಂಪ್ರಾವ್ ಅನ್ನುವ ಹಳೇ ಸ್ಪ್ರೆಡ್‌ಶೀಟ್ 1991ರಲ್ಲೇ ಪಿವಟ್ ಟೇಬಲ್‌ನ ಯೋಚನೆಗೆ ದಾರಿ ಹಾಕಿತ್ತು. ಇಷ್ಟು ವರ್ಷವಾದರೂ 'ತೂಕಕ್ಕೆ ತಕ್ಕ ಸರಾಸರಿ' ಅಂತ ಒಂದು ಆಯ್ಕೆಯನ್ನು ಆವರೇಜ್ ಪಕ್ಕದಲ್ಲಿ ಇಡಲು ಯಾರಿಗೂ ಹೊಳೆಯಲಿಲ್ಲವೇ? ಅಡಿಕೆ, ಮೀನು, ಗೇರುಬೀಜ ಮಾರುವವರಿಗೆಲ್ಲ ಬೇಕಾದದ್ದು ಅದೇ ಅಲ್ವಾ?

ಸದ್ಯಕ್ಕೆ ನನ್ನ ದಾರಿ ಹೀಗೆ. ಮೊತ್ತದ ಸಮ್, ತೂಕದ ಸಮ್ ಎರಡನ್ನೂ ಪಿವಟ್ ಟೇಬಲ್‌ನಿಂದ ತೆಗೆದು, ಬೇರೆ ಹಾಳೆಯಲ್ಲಿ ಗೆಟ್‌ಪಿವಟ್‌ಡೇಟಾ ಸೂತ್ರ ಹಾಕಿ ಭಾಗಿಸುತ್ತೇನೆ. ಪಕ್ಕದ ಕಾಲಂನಲ್ಲೇ ಸುಮ್ನೆ ಭಾಗಿಸಿದರೆ ಆಗುವುದಿಲ್ಲವೇ ಅಂತ ಕೇಳಬಹುದು. ರಿಫ್ರೆಶ್ ಮಾಡಿದಾಗ ಹೊಸ ಬಗೆ ಬಂದು ಸಾಲು ಕೆಳಗಿಳಿದರೆ ಸೂತ್ರ ಅಲ್ಲೇ ಇರುತ್ತದೆ, ಚಾಲಿಯ ದರ ಕೋಕಾ ಅನ್ನುವ ಇನ್ನೊಂದು ಬಗೆಯ ಮುಂದೆ ಕೂರುತ್ತದೆ. ಗೆಟ್‌ಪಿವಟ್‌ಡೇಟಾ ಬಗೆಯ ಹೆಸರು ಹುಡುಕಿಕೊಂಡು ಹೋಗುವುದರಿಂದ ಆ ಭಯ ಇಲ್ಲ. ಸೂತ್ರ ಉದ್ದ, ಮೊದಲ ಸಲ ಬರೆಯುವಾಗ ಬೇಜಾರು ಬರುತ್ತದೆ. ಒಮ್ಮೆ ಬರೆದರೆ ಹಂಗಾಮು ಪೂರ್ತಿ ನಡೆಯುತ್ತದೆ.

ಮಾರ್ಚ್ ಕೊನೆಯ ವರ್ಷದ ಲೆಕ್ಕಕ್ಕೆ ಮಾತ್ರ ಫೈಲನ್ನು ಗೂಗಲ್ ಶೀಟ್ಸ್‌ಗೆ ಹಾಕುತ್ತೇನೆ. ದಿನಾ ಅದನ್ನೇ ಬಳಸಬಹುದಿತ್ತು, ಆದರೆ ಮಳೆಗಾಲದಲ್ಲಿ ನಮ್ಮ ಇಂಟರ್ನೆಟ್ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಅಂತ ಹೇಳೋಕಾಗುವುದಿಲ್ಲ. ದುಡ್ಡು ಕೊಟ್ಟು ಎಕ್ಸೆಲ್ ತರಿಸೋಣವಾ ಅಂತ ಯಜಮಾನರನ್ನು ಕೇಳಿದೆ. ಗುಮಾಸ್ತರ ಕಡೆ ಕೈ ತೋರಿಸಿ, "ಒಂದು ಭಾಗಾಕಾರಕ್ಕೆ ವರ್ಷಾ ವರ್ಷಾ ದುಡ್ಡು ಕೊಡಬೇಕಾ?" ಅಂದರು. ಕ್ಯಾಲ್ಕ್ ಮುಂದುವರಿದಿದೆ.