ಪಿಟಿಎಸ್‌ಡಿ ಅಳೆಯುವ ಸಾಧನಗಳು: ಜರಡಿ ಯಾವುದು, ಒರೆಗಲ್ಲು ಯಾವುದು

ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಕುರಿತ ಸಂಶೋಧನಾ ಲೇಖನವೊಂದು ಕೈಗೆ ಬಂದಾಗ ನಾನು ಮೊದಲು ಓದುವುದು ಫಲಿತಾಂಶಗಳನ್ನಲ್ಲ, ವಿಧಾನವನ್ನು ವಿವರಿಸುವ ಪುಟವನ್ನು. ‘ಭಾಗವಹಿಸಿದವರಲ್ಲಿ ಇಷ್ಟು ಮಂದಿಗೆ ಪಿಟಿಎಸ್‌ಡಿ ಇತ್ತು’ ಎಂಬ ವಾಕ್ಯದ ಹಿಂದೆ ತರಬೇತಿ ಪಡೆದವರೊಬ್ಬರು ಮುಕ್ಕಾಲು ಗಂಟೆ ಎದುರು ಕುಳಿತು ನಡೆಸಿದ ಸಂದರ್ಶನವಿರಬಹುದು, ಇಲ್ಲವೇ ಮೊಬೈಲಿನಲ್ಲಿ ಐದು ನಿಮಿಷದೊಳಗೆ ತುಂಬಿ ಕಳುಹಿಸಿದ ಪ್ರಶ್ನಾವಳಿಯೊಂದಿರಬಹುದು. ಎರಡನ್ನೂ ಒಂದೇ ಪದದಿಂದ ಕರೆಯುವುದು ಈ ಕ್ಷೇತ್ರದ ಹಳೆಯ ಚಾಳಿ. ಕಾಯಿಲೆ ಇರಬಹುದಾದವರನ್ನು ಜರಡಿ ಹಿಡಿದು ಆರಿಸುವ ಕೆಲಸ ಬೇರೆ, ಅದು ನಿಜವಾಗಿ ಇದೆಯೇ ಎಂದು ಒರೆಗೆ ಹಚ್ಚುವ ಕೆಲಸ ಬೇರೆ. ಈಗ ಹೆಚ್ಚು ಬಳಕೆಯಲ್ಲಿರುವ ಸಾಧನಗಳನ್ನು ಈ ಒಂದು ವ್ಯತ್ಯಾಸವನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ.

ಈ ಸಾಧನಗಳೆಲ್ಲ ಯಾವುದಾದರೊಂದು ವ್ಯಾಖ್ಯೆಯನ್ನು ಆಧರಿಸಿ ಹುಟ್ಟಿದವು. ವ್ಯಾಖ್ಯೆ ಬದಲಾದಾಗ ಅವೂ ಹಳತಾದವು. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ನಿನ ಮಾನಸಿಕ ಕಾಯಿಲೆಗಳನ್ನು ವರ್ಗೀಕರಿಸುವ ಡಿಎಸ್‌ಎಂ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸೇರಿದ್ದು 1980ರ ಮೂರನೆಯ ಆವೃತ್ತಿಯಲ್ಲಿ. 1994ರ ನಾಲ್ಕನೆಯ ಆವೃತ್ತಿಯಲ್ಲಿ ಮೂರು ಗುಂಪುಗಳಾಗಿ 17 ಲಕ್ಷಣಗಳಿದ್ದವು. 2013ರ ಡಿಎಸ್‌ಎಂ-5ರಲ್ಲಿ ಲಕ್ಷಣಗಳು 20 ಆದವು, ಗುಂಪುಗಳು ನಾಲ್ಕಾದವು. ಬೇಡವೆಂದರೂ ನುಗ್ಗಿಬರುವ ನೆನಪುಗಳದ್ದು ಒಂದು ಗುಂಪು, ಆ ನೆನಪು ತರುವ ಎಲ್ಲದರಿಂದ ತಪ್ಪಿಸಿಕೊಳ್ಳುವುದು ಇನ್ನೊಂದು, ಆಲೋಚನೆ ಮತ್ತು ಮನಃಸ್ಥಿತಿ ಹದಗೆಡುವುದು ಮೂರನೆಯದು, ನಿದ್ದೆಗೇಡು, ಸಿಡುಕು, ಬೆಚ್ಚಿಬೀಳುವಿಕೆಗಳಂಥ ಉದ್ರೇಕದ ಲಕ್ಷಣಗಳದ್ದು ನಾಲ್ಕನೆಯದು. ಮೊದಲೆರಡು ಗುಂಪುಗಳಿಂದ ತಲಾ ಒಂದು, ಉಳಿದೆರಡರಿಂದ ತಲಾ ಎರಡು ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಇದ್ದು, ಗಣನೀಯ ಸಂಕಟವನ್ನೋ ದಿನನಿತ್ಯದ ಬದುಕಿಗೆ ಅಡ್ಡಿಯನ್ನೋ ಉಂಟುಮಾಡಿದ್ದರೆ ಮಾತ್ರ ರೋಗನಿರ್ಣಯ. ಈ ನಿಯಮವನ್ನು ಪೂರೈಸುವ ಲಕ್ಷಣ-ಜೋಡಣೆಗಳು 6,36,120 ಎಂದು 2013ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅಷ್ಟು ವೇಷಗಳುಳ್ಳ ಕಾಯಿಲೆಯನ್ನು ಒಂದೇ ಮೊತ್ತದ ಅಂಕದಲ್ಲಿ ಹಿಡಿಯಲು ಹೊರಡುವವರು ಸ್ವಲ್ಪ ಅಳುಕಿನಿಂದಲೇ ಹೊರಡಬೇಕು.

ಒರೆಗಲ್ಲಿನ ಸ್ಥಾನದಲ್ಲಿರುವುದು ಕ್ಯಾಪ್ಸ್-5. ಅಮೆರಿಕದ ನ್ಯಾಷನಲ್ ಸೆಂಟರ್ ಫಾರ್ ಪಿಟಿಎಸ್‌ಡಿಯಲ್ಲಿ ರೂಪುಗೊಂಡ ಈ ಸಂದರ್ಶನದಲ್ಲಿ 30 ಅಂಶಗಳಿವೆ. ಮುಗಿಸಲು 45ರಿಂದ 60 ನಿಮಿಷ ಬೇಕು. ಇಪ್ಪತ್ತು ಲಕ್ಷಣಗಳಿಗೆ ತಲಾ 0ಯಿಂದ 4ರವರೆಗೆ ತೀವ್ರತೆಯ ಅಂಕ, ಒಟ್ಟು 80. ಉಳಿದ ಅಂಶಗಳು ಲಕ್ಷಣಗಳು ಶುರುವಾದದ್ದು ಯಾವಾಗ, ಎಷ್ಟು ಕಾಲದಿಂದ ಇವೆ, ಸಾಮಾಜಿಕ ಬದುಕನ್ನೂ ದುಡಿಮೆಯನ್ನೂ ಎಷ್ಟು ಕೆಡಿಸಿವೆ, ತನ್ನಿಂದ ತಾನೇ ಅಥವಾ ಸುತ್ತಲಿನ ಲೋಕದಿಂದ ಬೇರ್ಪಟ್ಟಂಥ ಅನುಭವವಿದೆಯೇ ಎಂಬುದನ್ನು ನೋಡುತ್ತವೆ; ಸಿಕ್ಕ ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಸಂದರ್ಶಕರ ಸ್ವಂತ ಅಂದಾಜಿಗೂ ಅಲ್ಲಿ ಜಾಗವಿದೆ.

ಇದರ ನಿಜವಾದ ಬಲ ಇರುವುದು ಅಂಕ ಕೊಡುವ ಕ್ರಮದಲ್ಲಿ. ‘ಕೆಟ್ಟ ಕನಸು ಬೀಳುತ್ತದೆ’ ಎಂದ ಮಾತ್ರಕ್ಕೆ ಅಂಕವಿಲ್ಲ. ಕನಸಿನಲ್ಲಿ ಏನಾಗುತ್ತದೆ, ಎಚ್ಚರವಾಗುತ್ತದೆಯೇ, ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತು ಹಿಡಿಯುತ್ತದೆ, ಕಳೆದ ತಿಂಗಳಲ್ಲಿ ಎಷ್ಟು ಸಲ ಹೀಗಾಯಿತು ಎಂದು ಒಂದೊಂದಾಗಿ ಕೇಳಿ, ತಿಂಗಳಿಗೆ ಕನಿಷ್ಠ ಎರಡು ಸಲವಾದರೂ ಬಂದಿದ್ದು ತೀವ್ರತೆಯೂ ಸ್ಪಷ್ಟವಾಗಿ ಕಂಡರೆ ಮಾತ್ರ 2 ಅಂಕ. ಆ 2ರ ಗೆರೆ ದಾಟಿದ ಲಕ್ಷಣವನ್ನಷ್ಟೇ ‘ಇದೆ’ ಎಂದು ಎಣಿಸುತ್ತಾರೆ. ನಿದ್ದೆ, ಏಕಾಗ್ರತೆ, ಆಸಕ್ತಿಗಳಂಥ ಬೇರೆ ಕಾರಣದಿಂದಲೂ ಕೆಡಬಹುದಾದ ವಿಷಯಗಳಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ: ಇದು ಆ ಘಟನೆಗೆ ಮೊದಲೂ ಹೀಗೆಯೇ ಇತ್ತೇ? ಮೊದಲಿನಿಂದಲೂ ನಿದ್ದೆ ಬಾರದವರನ್ನು ಆಘಾತದ ಲೆಕ್ಕಕ್ಕೆ ಸೇರಿಸದಂತೆ ತಡೆಯುವುದು ಈ ಒಂದು ಪ್ರಶ್ನೆ. ಕಾಗದದ ಮೇಲಿನ ಯಾವ ಪ್ರಶ್ನಾವಳಿಯೂ ಇದನ್ನು ಇಷ್ಟು ಬಿಗಿಯಾಗಿ ಕೇಳಲಾರದು.

ದೋಷಗಳೂ ಇವೆ. ಸಂದರ್ಶಕರಿಗೆ ತರಬೇತಿ ಬೇಕು, ಇಬ್ಬರು ಸಂದರ್ಶಕರು ಒಂದೇ ಉತ್ತರಕ್ಕೆ ಒಂದೇ ಅಂಕ ಕೊಡುತ್ತಾರೆಯೇ ಎಂದು ಆಗಾಗ ಪರೀಕ್ಷಿಸಬೇಕು, ಸಾವಿರಾರು ಮಂದಿಯ ಸಮೀಕ್ಷೆಗೆ ಇದು ಕೈಗೆಟುಕುವ ಮಾತಲ್ಲ. ಕಳೆದ ವಾರ, ಕಳೆದ ತಿಂಗಳು, ಜೀವಮಾನದ ಅತಿ ಕೆಟ್ಟ ತಿಂಗಳು ಎಂದು ಮೂರು ಆವೃತ್ತಿಗಳಿದ್ದು, ವಾರದ ಆವೃತ್ತಿ ಇರುವುದು ತೀವ್ರತೆಯ ಏರಿಳಿತವನ್ನು ಗಮನಿಸಲಿಕ್ಕೇ ಹೊರತು ರೋಗನಿರ್ಣಯಕ್ಕಲ್ಲ. ಆದರೂ ಯಾವ ಆವೃತ್ತಿಯನ್ನು ಬಳಸಿದ್ದೇವೆಂದು ತಿಳಿಸದ ಲೇಖನಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಇನ್ನು ಎಲ್ಲರ ಕೈಯಲ್ಲಿರುವ ಪಿಸಿಎಲ್-5 ಪ್ರಶ್ನಾವಳಿ. ಡಿಎಸ್‌ಎಂ-5ರ 20 ಲಕ್ಷಣಗಳಿಗೆ 20 ಪ್ರಶ್ನೆಗಳು. ಕಳೆದ ತಿಂಗಳಲ್ಲಿ ಪ್ರತಿಯೊಂದೂ ಎಷ್ಟು ಕಾಡಿತು ಎಂದು ಉತ್ತರಿಸುವವರೇ 0ಯಿಂದ 4ರವರೆಗೆ ಗುರುತು ಹಾಕಬೇಕು. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದರ ಹಿಂದಿನ ಪಿಸಿಎಲ್‌ನಲ್ಲಿ 17 ಪ್ರಶ್ನೆಗಳಿದ್ದು ಅಂಕ 1ರಿಂದ 5ರವರೆಗೆ ಇತ್ತು. ಅಲ್ಲಿ ಯಾವ ಲಕ್ಷಣವೂ ಇಲ್ಲದವರಿಗೂ 17 ಅಂಕ ಬೀಳುತ್ತಿತ್ತು. ಹಾಗಾಗಿ ಹಳೆಯ 50ನ್ನು ಹೊಸ 50ರ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಚಿಕಿತ್ಸೆಯ ಅವಧಿಯಲ್ಲಿ ಲಕ್ಷಣಗಳ ಭಾರ ಇಳಿಯುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವುದಕ್ಕೆ ಪಿಸಿಎಲ್-5ರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ತೊಂದರೆ ಶುರುವಾಗುವುದು ಕಟ್‌ಆಫ್ ಅಂಕದಿಂದ. 31ರಿಂದ 33ರ ನಡುವಿನ ಅಂಕವನ್ನು ‘ಪಿಟಿಎಸ್‌ಡಿ ಇರುವ ಸಾಧ್ಯತೆ’ಯ ಗೆರೆಯೆಂದು ಸೂಚಿಸಲಾಗಿದೆ, ಸಾಧ್ಯತೆ ಎಂಬ ಪದ ಮಾತ್ರ ಲೇಖನದಿಂದ ಲೇಖನಕ್ಕೆ ದಾಟುವಾಗ ಎಲ್ಲೋ ಉದುರಿಹೋಗುತ್ತದೆ. ಒಂದು ಚಿಕ್ಕ ಲೆಕ್ಕ ನೋಡಿ. ಪಿಸಿಎಲ್-5ರಲ್ಲಿ ಮರುನೆನಪಿಗೆ 5, ತಪ್ಪಿಸಿಕೊಳ್ಳುವಿಕೆಗೆ 2, ಆಲೋಚನೆ-ಮನಃಸ್ಥಿತಿಗೆ 7, ಉದ್ರೇಕಕ್ಕೆ 6 ಪ್ರಶ್ನೆಗಳಿವೆ. ಮೊದಲೆರಡು ಗುಂಪುಗಳಿಗೆ ಪೂರ್ತಿ ಸೊನ್ನೆ ಹಾಕಿದವರೂ ಉಳಿದ 13 ಪ್ರಶ್ನೆಗಳಿಂದಲೇ 52 ಅಂಕದವರೆಗೆ ಹೋಗಬಹುದು. ಆಸಕ್ತಿ ಬತ್ತಿಹೋದ, ತನ್ನನ್ನೇ ಹಳಿದುಕೊಳ್ಳುವ, ನಿದ್ದೆಗೆಟ್ಟ, ಮನಸ್ಸು ನಿಲ್ಲದ ವ್ಯಕ್ತಿ ತೀವ್ರ ಖಿನ್ನತೆಯಿಂದ ಬಳಲುತ್ತಿದ್ದು, ಆಘಾತದ ಒಂದು ನೆನಪೂ ಕಾಡದೆ 33ನ್ನು ದಾಟಬಹುದೆಂದು ಇದರ ಅರ್ಥ. 2 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಿದ್ದ ಲಕ್ಷಣಗಳನ್ನು ಎಣಿಸಿ, ಗುಂಪುವಾರು ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುವ ಇನ್ನೊಂದು ದಾರಿಯೂ ಇದೆ; ಅದು ಈ ಮೋಸವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಅದರಿಂದ ಸಿಗುವುದೂ ತಾತ್ಕಾಲಿಕ ರೋಗನಿರ್ಣಯವೇ.

ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಿಗೆಂದು ರೂಪಿಸಿದ ಪಿಸಿ-ಪಿಟಿಎಸ್‌ಡಿ-5 ಅಪ್ಪಟ ಜರಡಿ. ಆಘಾತಕಾರಿ ಘಟನೆಯನ್ನು ಎದುರಿಸಿದ್ದೀರಾ ಎಂಬುದು ಮೊದಲ ಪ್ರಶ್ನೆ. ಇಲ್ಲವೆಂದರೆ ಅಲ್ಲಿಗೇ ನಿಂತಿತು. ಹೌದೆಂದರೆ ಹೌದು-ಇಲ್ಲ ಎಂಬ ಐದು ಪ್ರಶ್ನೆಗಳು. ಹಳೆಯ ಆವೃತ್ತಿಯಲ್ಲಿ ನಾಲ್ಕಿದ್ದವು. ತಪ್ಪಿತಸ್ಥ ಭಾವನೆ ಮತ್ತು ದೂಷಣೆಯ ಕುರಿತ ಐದನೆಯದು ಆಮೇಲೆ ಸೇರಿತು. ಇಂಥ ಸಾಧನವನ್ನು ತಪ್ಪಾಗಿ ಓದಿದರೆ ಏನಾಗುತ್ತದೆಂದು ತಿಳಿಯಲು ಒಂದು ಕಲ್ಪಿತ ಉದಾಹರಣೆ ಸಾಕು. ಸಾವಿರ ಮಂದಿಯಲ್ಲಿ 50 ಮಂದಿಗೆ ಕಾಯಿಲೆಯಿದೆ ಎಂದಿಟ್ಟುಕೊಳ್ಳೋಣ. ಕಾಯಿಲೆಯಿರುವವರಲ್ಲಿ ಶೇಕಡಾ 90ರಷ್ಟು ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ಶೇಕಡಾ 80ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಜರಡಿ ಹಿಡಿದರೆ, ನಿಜವಾಗಿ ಕಾಯಿಲೆಯಿರುವ 45 ಮಂದಿಯ ಜೊತೆಗೆ ಇಲ್ಲದ 190 ಮಂದಿಯೂ ಮೇಲೆ ಉಳಿಯುತ್ತಾರೆ. ಆ 235 ಮಂದಿಯನ್ನು ಮುಂದಿನ ಸಂದರ್ಶನಕ್ಕೆ ಕರೆದರೆ ಜರಡಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ; ಅವರೆಲ್ಲರನ್ನೂ ರೋಗಿಗಳೆಂದು ಬರೆದುಕೊಂಡರೆ ಕಾಯಿಲೆಯ ಪ್ರಮಾಣ ನಾಲ್ಕು ಪಟ್ಟಿಗೂ ಮೀರಿ ಉಬ್ಬುತ್ತದೆ. ತಪ್ಪು ಜರಡಿಯದಲ್ಲ.

ಘಟನೆಯನ್ನು ಗುರುತಿಸುವ ಎಲ್‌ಇಸಿ-5 ಎಂಬ 17 ಅಂಶಗಳ ಪಟ್ಟಿಯನ್ನು ಸಂಶೋಧಕರು ಮುನ್ನುಡಿಯಂತೆ ಕಂಡು ಬದಿಗೆ ಸರಿಸುವುದುಂಟು, ನನಗದು ಸರಿಯೆನಿಸುವುದಿಲ್ಲ. ಪ್ರಕೃತಿ ವಿಕೋಪ, ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ ಮುಂತಾದವುಗಳಲ್ಲಿ ಯಾವುದು ತನಗೇ ಆಯಿತು, ಯಾವುದನ್ನು ಕಣ್ಣಾರೆ ಕಂಡೆ, ಯಾವುದು ಆಪ್ತರಿಗಾದದ್ದನ್ನು ಕೇಳಿ ತಿಳಿದೆ ಎಂದು ಬಿಡಿಸಿ ಹೇಳಿಸುವುದರಿಂದಲೇ ಮುಂದಿನ ಪ್ರಶ್ನೆಗಳಿಗೆ ನೆಲೆ ಸಿಗುತ್ತದೆ. ಘಟನೆ ಯಾವುದೆಂದು ಗೊತ್ತುಪಡಿಸದೆ ಪಿಸಿಎಲ್-5 ಕೊಟ್ಟರೆ, ಒಬ್ಬರು ಬೆಂಕಿ ಅನಾಹುತವನ್ನೂ ಇನ್ನೊಬ್ಬರು ಮುರಿದುಬಿದ್ದ ಮದುವೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಾರೆ. ಎರಡನೆಯದು ಕಡಿಮೆ ನೋವಿನದೆಂದಲ್ಲ; ಡಿಎಸ್‌ಎಂ-5 ಕೇಳುವುದು ಸಾವು, ತೀವ್ರ ಗಾಯ, ಲೈಂಗಿಕ ಹಿಂಸೆಗಳ ನಿಜವಾದ ಅನುಭವವನ್ನು ಅಥವಾ ಬೆದರಿಕೆಯನ್ನು ಎಂಬುದಷ್ಟೇ ಇಲ್ಲಿನ ವಿಷಯ.

1979ರಲ್ಲಿ 15 ಅಂಶಗಳೊಂದಿಗೆ ಬಂದು ಆಮೇಲೆ 22ಕ್ಕೆ ಬೆಳೆದ ಐಇಎಸ್-ಆರ್ ಎಂಬ ಪ್ರಶ್ನಾವಳಿ ಇಂದಿಗೂ ಜನಪ್ರಿಯ. ಕಳೆದ ಏಳು ದಿನಗಳ ಸಂಕಟವನ್ನು ಅದು ಚೆನ್ನಾಗಿ ಅಳೆಯುತ್ತದೆ. ಡಿಎಸ್‌ಎಂ-5ರ ರೋಗನಿರ್ಣಯಕ್ಕೆ ಅದನ್ನು ಎಳೆದು ತರುವುದು ಅನ್ಯಾಯ.

2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣವಾದ ಐಸಿಡಿ-11 ಬೇರೆಯೇ ದಾರಿ ಹಿಡಿದಿದೆ. ಅದಕ್ಕೆಂದೇ ರೂಪಿಸಿದ ಐಟಿಕ್ಯು ಪ್ರಶ್ನಾವಳಿ ಮರು ಅನುಭವ, ತಪ್ಪಿಸಿಕೊಳ್ಳುವಿಕೆ, ಈಗಲೂ ಅಪಾಯವಿದೆಯೆಂಬ ಭಾವನೆಗಳಿಗೆ ತಲಾ ಎರಡರಂತೆ ಆರೇ ಲಕ್ಷಣಗಳನ್ನು ಕೇಳುತ್ತದೆ. ಭಾವನೆಗಳ ಹತೋಟಿ, ತನ್ನ ಬಗೆಗಿನ ಭಾವ, ಸಂಬಂಧಗಳ ಕುರಿತ ಇನ್ನಾರು ಲಕ್ಷಣಗಳಿಂದ ಸಂಕೀರ್ಣ ಪಿಟಿಎಸ್‌ಡಿಯನ್ನು ಬೇರ್ಪಡಿಸುತ್ತದೆ. ಖಿನ್ನತೆಯೊಡನೆ ಬೆರೆತುಹೋಗುವ ಪ್ರಶ್ನೆಗಳನ್ನು ಮೂಲ ಕಾಯಿಲೆಯಿಂದ ಹೊರಗಿಟ್ಟ ಈ ಜಿಪುಣತನ ನನಗೆ ಮೆಚ್ಚುಗೆಯಾಯಿತು. ಒಂದೇ ಗುಂಪಿನ ಜನರನ್ನು ಪಿಸಿಎಲ್-5ರಿಂದಲೂ ಐಟಿಕ್ಯುವಿನಿಂದಲೂ ನೋಡಿದಾಗ ಆಯ್ಕೆಯಾಗುವವರು ಒಂದೇ ಮಂದಿ ಆಗಿರಬೇಕಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಪಿಸಿಎಲ್-5, ಪಿಸಿ-ಪಿಟಿಎಸ್‌ಡಿ-5, ಎಲ್‌ಇಸಿ-5 ಮೂರೂ ಉಚಿತ. ಕ್ಯಾಪ್ಸ್-5 ಅರ್ಹ ವೃತ್ತಿಪರರಿಗೆ ಕೋರಿಕೆಯ ಮೇರೆಗೆ ಸಿಗುತ್ತದೆ. ಹಣ ಮತ್ತು ಸಂದರ್ಶಕರು ಎರಡೂ ಮಿತವಾಗಿದ್ದರೆ, ಎಲ್ಲರಿಗೂ ಎಲ್‌ಇಸಿ-5 ಮತ್ತು ಪಿಸಿಎಲ್-5 ಕೊಟ್ಟು, ಗೆರೆ ದಾಟಿದವರೆಲ್ಲರನ್ನೂ ದಾಟದವರಲ್ಲಿ ಒಂದಷ್ಟು ಮಂದಿಯನ್ನೂ ಕ್ಯಾಪ್ಸ್-5 ಸಂದರ್ಶನಕ್ಕೆ ಕೂರಿಸುವ ಜೋಡಣೆಯನ್ನೇ ನಾನು ಆರಿಸುತ್ತೇನೆ. ದಾಟದವರನ್ನು ನೋಡದಿದ್ದರೆ ಜರಡಿಯಿಂದ ಉದುರಿಹೋದವರು ಎಷ್ಟು ಮಂದಿಯೆಂದು ತಿಳಿಯುವುದೇ ಇಲ್ಲ. ಒಂದು ಕೊರತೆಯನ್ನು ಈ ಜೋಡಣೆಯೂ ತುಂಬುವುದಿಲ್ಲ. ಅಪಾಯಕ್ಕೆ ಮೈಯೊಡ್ಡುವ ವರ್ತನೆಯ ಬಗ್ಗೆ ಪಿಸಿಎಲ್-5ರಲ್ಲಿ ಪ್ರಶ್ನೆಯೊಂದಿದೆ, ಆತ್ಮಹತ್ಯೆಯ ಆಲೋಚನೆಯ ಬಗ್ಗೆ ಪ್ರಶ್ನೆಯಿಲ್ಲ. ಪ್ರಶ್ನಾವಳಿಯನ್ನು ಅಂತರ್ಜಾಲದ ಮೂಲಕ ಕಳುಹಿಸುವ ಅಧ್ಯಯನಗಳು ಆ ಪ್ರಶ್ನೆಯನ್ನು ಬೇರೆಯಾಗಿ ಸೇರಿಸಬೇಕು; ಹೌದೆಂದು ಉತ್ತರ ಬಂದ ದಿನವೇ ಅದನ್ನು ಓದಿ ಆ ವ್ಯಕ್ತಿಯನ್ನು ಸಂಪರ್ಕಿಸಲು ಒಬ್ಬರನ್ನು ನೇಮಿಸಿಕೊಂಡಿರಬೇಕು.